ಮಾವನ ಸೀಡಿ ಹಾಳಾಗಿರಲಿಲ್ಲ

ಬ್ಲಾಗಿನ ಕಡೆ ತಲೆ ಹಾಕದೆ ಎರಡು ತಿಂಗಳ ಮೇಲಾಯ್ತು. ಆಫೀಸಿನ ಕೆಲಸ ಅಂತ ನೆಪ ಹೇಳಬಹುದು, ನಿಜವಾದ ಕಾರಣ ತೀರ್ಥಹಳ್ಳಿಯಿಂದ ಬಂದ ಒಂದು ಸೀಡಿ. ಅದರ ಕತೆ ಹೇಳಿ, ಜೊತೆಗೆ ನನ್ನ ಒಂದು ತಕರಾರನ್ನೂ ನಿಮ್ಮ ಮುಂದೆ ಇಡ್ತೀನಿ.

ನನ್ನಜ್ಜಿಗೆ (ಅಮ್ಮನ ಅಮ್ಮ) ಹಸೆ ಹಾಡು, ಆರತಿ ಹಾಡು, ಬೀಸುವ ಪದ ಎಲ್ಲ ಬಾಯಿಗೇ ಬರುತ್ತಿದ್ದವು. ಬರೆದಿಟ್ಟುಕೊಂಡವರಲ್ಲ. 2005ರಲ್ಲಿ ಮಾವ ಮನೆಗೆ ಕಂಪ್ಯೂಟರ್ ತಂದಾಗ ದಿನಾ ಸಂಜೆ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದಾಗಿ ಟೈಪ್ ಮಾಡಿದರು. ರಜೆಗೆ ಹೋಗಿದ್ದ ನನಗೆ ಆಗ ಎಂಟು ವರ್ಷ. ಇವರು ಯಾವಾಗ ಏಳ್ತಾರೋ, ನಾನು ಯಾವಾಗ ಗೇಮ್ ಆಡ್ತೀನೋ ಅಂತ ಕಾಯುತ್ತಿದ್ದದ್ದು ಬಿಟ್ಟರೆ ಒಂದು ಹಾಡೂ ನೆನಪಿಲ್ಲ. ಅಜ್ಜಿ 2007ರಲ್ಲಿ ತೀರಿಕೊಂಡರು. ಆಮೇಲೆ ಹಾರ್ಡ್ ಡಿಸ್ಕೂ ಹೋಯಿತು. "ಬ್ಯಾಕಪ್ ಇದ್ಯಲ್ಲ ಮಾರಾಯ, ಸೀಡಿಗೆ ಹಾಕಿ ಇಟ್ಟಿದ್ದೀನಿ" ಅಂತ ಮಾವ ನಿಶ್ಚಿಂತೆಯಿಂದ ಇದ್ದರು. 2010ರಲ್ಲಿ ವಿಂಡೋಸ್ 7 ಇದ್ದ ಹೊಸ ಕಂಪ್ಯೂಟರಿಗೆ ಸೀಡಿ ಹಾಕಿದರೆ ಏನೂ ತೆರೆಯಲಿಲ್ಲ. ಸೀಡಿ ಹಾಳಾಗಿದೆ ಅಂತ ತೀರ್ಮಾನವಾಯಿತು. ಹದಿನೈದು ವರ್ಷ ನಾವೆಲ್ಲ ಅದನ್ನೇ ನಂಬಿಕೊಂಡಿದ್ದೆವು.

ಮೊನ್ನೆ ಮಾವನ ಮಗಳ ಮದುವೆ ಮಾತು ಬಂದಾಗ ಅಮ್ಮ ಅಜ್ಜಿಯ ಹಸೆ ಹಾಡು ಎತ್ತಿದರು, ಎರಡು ಸಾಲಿಗೆ ನಿಲ್ಲಿಸಿಬಿಟ್ಟರು. ಮುಂದಿನದು ಬರಲಿಲ್ಲ. ಆವತ್ತೇ ಮಾವನಿಗೆ ಫೋನ್ ಮಾಡಿ ಸೀಡಿ ಕಳಿಸಿ ಅಂದೆ.

ಸೀಡಿ ಹಾಳಾಗಿರಲೇ ಇಲ್ಲ! ಅದರಲ್ಲಿ ಇದ್ದದ್ದು ಒಂದೇ ಫೈಲು, 'ಬ್ಯಾಕಪ್.ಬಿಕೆಎಫ್'. ಇದು ವಿಂಡೋಸ್ 2000 ಮತ್ತು ಎಕ್ಸ್‌ಪಿ ಜೊತೆ ಬರುತ್ತಿದ್ದ ಎನ್‌ಟಿಬ್ಯಾಕಪ್ ಅನ್ನೋ ತಂತ್ರಾಂಶ ಮಾಡುವ ಕಡತ. ಒಳಗಿನ ರಚನೆ ಟೇಪ್ ಡ್ರೈವ್‌ಗಾಗಿ ರೂಪಿಸಿದ್ದು, ಹೆಸರೇ ಮೈಕ್ರೋಸಾಫ್ಟ್ ಟೇಪ್ ಫಾರ್ಮ್ಯಾಟ್. ಎನ್‌ಟಿಬ್ಯಾಕಪ್‌ಗೆ ನೇರ ಸೀಡಿಗೆ ಬರೆಯಲು ಬರುತ್ತಿರಲಿಲ್ಲ. ಮೊದಲು ಡಿಸ್ಕಿನಲ್ಲಿ ಫೈಲ್ ಮಾಡಿ, ಆಮೇಲೆ ಸೀಡಿಗೆ ಸುಡಬೇಕು. ಮಾವ ಅಷ್ಟೂ ಕಷ್ಟಪಟ್ಟು ಸರಿಯಾಗೇ ಮಾಡಿದ್ದರು. ವಿಸ್ತಾ ಬಂದಾಗ ಎನ್‌ಟಿಬ್ಯಾಕಪ್ ಹೋಯಿತು, ಹಳೆಯದನ್ನು ಓದೋದಕ್ಕೆ ಮಾತ್ರ ಬೇರೆ ಒಂದು ಪುಟ್ಟ ತಂತ್ರಾಂಶ ಕೊಟ್ಟರು. 7ಕ್ಕೂ ಅಂಥದ್ದೊಂದು ಬಂತು. ಆದರೆ ಅದನ್ನು ಹುಡುಕಿ ಇಳಿಸಿಕೊಳ್ಳಬೇಕು ಅಂತ ತೀರ್ಥಹಳ್ಳಿಯಲ್ಲಿ ಕೂತ ಮಾವನಿಗೆ ಹೇಗೆ ಗೊತ್ತಾಗಬೇಕು?

ನಾನು ಮಾಡಿದ್ದು ಇಷ್ಟು. ಮೊದಲು ಸೀಡಿಯ ಫೈಲನ್ನು ಡಿಸ್ಕಿಗೆ ನಕಲು ಮಾಡಿಕೊಂಡೆ (ಹಳೇ ಸೀಡಿಯನ್ನು ಪದೇ ಪದೇ ತಿರುಗಿಸೋದು ಬೇಡ). ವರ್ಚುಯಲ್‌ಬಾಕ್ಸ್‌ನಲ್ಲಿ ಮಾವನದೇ ಹಳೇ ಎಕ್ಸ್‌ಪಿ ಹಾಕಿದೆ, ಇಂಟರ್ನೆಟ್ ಕೊಡದೆ. ಎನ್‌ಟಿಬ್ಯಾಕಪ್ ತೆರೆದು ಬಿಕೆಎಫ್ ತೋರಿಸಿದರೆ ಪಟ್ಟಿಯೇ ಬರಲಿಲ್ಲ. ಕಡತದ ಕೊನೆಯಲ್ಲಿರುವ ಸೂಚಿಯನ್ನು ನಂಬಬೇಡ, ಕಡತವನ್ನೇ ಮೊದಲಿನಿಂದ ಓದು ಅಂತ ಆಯ್ಕೆಗಳಲ್ಲಿ ಒಂದು ಟಿಕ್ ಗುರುತು ತೆಗೆಯಬೇಕು. ಅದು ಹೊಳೆಯೋದಕ್ಕೆ ಎರಡು ರಾತ್ರಿ ಬೇಕಾಯಿತು. ತೆಗೆದ ಮೇಲೆ 'ಅಮ್ಮನ ಹಾಡು' ಅನ್ನೋ ಫೋಲ್ಡರ್ ಕಣ್ಣಿಗೆ ಬಿತ್ತು.

ಈಗ ನನ್ನ ತಕರಾರು. ಬ್ಯಾಕಪ್ ಅಂದರೆ ಇನ್ನೊಂದು ಪ್ರತಿ ಅಂತ ನಾವು ಅಂದುಕೊಂಡಿದ್ದೀವಿ. ಆ ಪ್ರತಿಯನ್ನು ಒಂದೇ ತಂತ್ರಾಂಶಕ್ಕೆ ಅರ್ಥವಾಗುವ ಗಂಟಿನಲ್ಲಿ ಕಟ್ಟಿಟ್ಟರೆ ಅದು ಪ್ರತಿಯಲ್ಲ, ಬೀಗ ಹಾಕಿದ ಪೆಟ್ಟಿಗೆ. ಬೀಗದ ಕೈ ಬೇರೆಯವರ ಹತ್ತಿರ. ಇದು ಎನ್‌ಟಿಬ್ಯಾಕಪ್ ಒಂದರ ಕತೆಯಲ್ಲ. ವಿಂಡೋಸ್ 98ರ ಬ್ಯಾಕಪ್ ಮಾಡಿದ ಕ್ಯೂಐಸಿ ಕಡತವನ್ನು ಎಕ್ಸ್‌ಪಿಯ ಎನ್‌ಟಿಬ್ಯಾಕಪ್ಪೇ ಓದುತ್ತಿರಲಿಲ್ಲ. ಕಂಪನಿಗಳನ್ನು ಬೈದು ಸುಮ್ಮನಾಗೋದು ಸುಲಭ. ದಿನಾ ಆಫೀಸಿನಲ್ಲಿ ಹಳೇ ಫಾರ್ಮ್ಯಾಟಿನ ಬೆಂಬಲ ಕಿತ್ತುಹಾಕುವವನು ನಾನೇ, ಯಾವ ಬಾಯಲ್ಲಿ ಬೈಯಲಿ? ಅದಕ್ಕೇ ಅನ್ನೋದು, ಮನೆಯ ಹಾಡು, ಫೋಟೋ, ಪತ್ರಗಳನ್ನು ಬರೀ ಫೋಲ್ಡರಿನಲ್ಲಿ ಇದ್ದ ಹಾಗೇ ನಕಲು ಮಾಡಿ. ಜಾಗ ಹೆಚ್ಚು ಹಿಡಿದರೆ ಹಿಡಿಯಲಿ. ಕಟ್ಟಲೇಬೇಕಾದರೆ ಜಿಪ್ ಸಾಕು, ಅದನ್ನು ಬಿಚ್ಚುವವರು ನೂರು ಜನ ಇದ್ದಾರೆ. ಹೊಸ ಕಂಪ್ಯೂಟರ್ ಕೊಂಡ ದಿನ, ಹಳೆಯದನ್ನು ಗುಜರಿಗೆ ಹಾಕುವ ಮುಂಚೆ, ಆ ಪ್ರತಿಯನ್ನು ಹೊಸದರಲ್ಲಿ ತೆರೆದು ನೋಡಿ. ಮಾವ ಹಳೆಯದು ನಡೆಯುತ್ತಿದ್ದಾಗಲೇ ಸೀಡಿಯನ್ನು ಬೇರೆ ಕಂಪ್ಯೂಟರಿನಲ್ಲಿ ಒಮ್ಮೆ ಹಾಕಿ ನೋಡಿದ್ದರೆ ಸಾಕಿತ್ತು.

ಕನ್ನಡದವರಿಗೆ ಇದರ ಮೇಲೆ ಎರಡನೇ ಬೀಗ ಬೇರೆ ಇದೆ. ಮಾವ ಟೈಪ್ ಮಾಡಿದ್ದು ನುಡಿಯಲ್ಲಿ, ಯೂನಿಕೋಡ್ ಅಲ್ಲದ ಹಳೇ ಅಕ್ಷರಶೈಲಿಯಲ್ಲಿ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ 'ಕನ್ನಡ' ಅನ್ನೋ ಪದ ಒಂದು ಇಂಗ್ಲಿಷ್ ಪಿ, ತಲೆ ಮೇಲೆ ಗೀರಿರುವ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಜರ್ಮನ್ನರ ಒಂದು ಅಕ್ಷರ ಹೀಗೆ ಕಾಣುತ್ತೆ. ವಿಚಿತ್ರ ಅಂದರೆ ಮಾವ ಟೈಪ್ ಮಾಡಿದ ಅದೇ ಎಕ್ಸ್‌ಪಿಯಲ್ಲಿ ತುಂಗಾ ಅನ್ನೋ ಯೂನಿಕೋಡ್ ಕನ್ನಡ ಫಾಂಟ್ ಇತ್ತು. ಅವರಿಗೆ ಯಾರೂ ಹೇಳಿರಲಿಲ್ಲ, ಕಚೇರಿ, ಪ್ರೆಸ್ಸು ಎಲ್ಲ ಕಡೆ ನಡೆಯುತ್ತಿದ್ದದ್ದು ನುಡಿ. ನಿಮ್ಮ ಹತ್ತಿರ ಅಂಥ ಹಳೇ ಕಡತ ಇದ್ದರೆ ಈಗಲೇ ಬದಲಾಯಿಸಿಕೊಳ್ಳಿ, ಪರಿವರ್ತಕಗಳು ಇವೆ.

ನಾನು ಜಂಬದಿಂದ ನಾನೇ ಒಂದು ಸ್ಕ್ರಿಪ್ಟ್ ಬರೆದೆ. :) ಹಳೇ ಶೈಲಿಯಲ್ಲಿ ಅರ್ಕಾವೊತ್ತು ಅಕ್ಷರದ ಹಿಂದೆ ಬರುತ್ತೆ, ಯೂನಿಕೋಡಿನಲ್ಲಿ ರಕಾರ ಮುಂದೆ. ಅದನ್ನು ಮರೆತಿದ್ದೆ. ಸರ್ಪ 'ಸಪರ್' ಆಯಿತು, ಪಾರ್ವತಿ ಹಾಡಿನ ತುಂಬ 'ಪಾವರ್ತಿ' ಆದಳು. ಸರಿಮಾಡಿ, ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗೆದು ಅಮ್ಮನ ಕೈಗೆ ಕೊಟ್ಟೆ. ಒಟ್ಟು ಮೂವತ್ತೊಂದು ಹಾಡು. ಎರಡು ಫೈಲು ಅರ್ಧಕ್ಕೇ ಮುರಿದಿದ್ದವು, ಅವು ಬರಲಿಲ್ಲ. ಪುಣ್ಯಕ್ಕೆ ಹಸೆ ಹಾಡು ಪೂರ್ತಿ ಇತ್ತು.

ಅಮ್ಮ ಕನ್ನಡಕ ಹಾಕಿಕೊಂಡು ಓದಿದರು, ಆಮೇಲೆ ಮೆಲ್ಲಗೆ ಹಾಡಿದರು. ಒಂದು ಕಡೆ ನಿಂತು "ಇದು ತಪ್ಪು" ಅಂದರು. ಸ್ಕ್ರಿಪ್ಟ್ ಮತ್ತೆ ಕೈಕೊಟ್ಟಿತಾ ಅಂತ ಬಗ್ಗಿ ನೋಡಿದೆ. 'ಪಾರ್ವತಿ' ಅಂತ ಸರಿಯಾಗೇ ಇತ್ತು.

"ನಿಂಗೆ ಗೊತ್ತಿಲ್ಲ, ಅವ್ರು ಪಾರೋತಿ ಅನ್ನೋರು. ನಿನ್ನ ಮಾವ ತಿದ್ದಿ ಬರ್ದಿದಾನೆ" ಅಂದರು ಅಮ್ಮ, ಪೆನ್ನು ಕೊಡು ಅಂತ ಕೈ ಚಾಚಿದರು.