ಕಳ್ಳಭಟ್ಟಿಯ ‘ಕಳ್ಳ’ ಯಾರು?

2024ರ ಜೂನ್‌ನಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ ವಿಷಮದ್ಯ ಸೇವಿಸಿ 60ಕ್ಕೂ ಹೆಚ್ಚು ಮಂದಿ ಸತ್ತರು. ಸರಕಾರವು ಮೃತರ ಕುಟುಂಬಗಳಿಗೆ ತಲಾ 10 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಅಧಿಕಾರಿಗಳನ್ನು ಅಮಾನತುಗೊಳಿಸಿತು. ಜೀವಾವಧಿ ಶಿಕ್ಷೆಗೆ ಅವಕಾಶವಿರುವಂತೆ ಕಾನೂನನ್ನು ತಿದ್ದಿತು. 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಮಂದಿ ಸತ್ತಾಗಲೂ ನಾಡು ಹೀಗೆಯೇ ಬೆಚ್ಚಿಬಿದ್ದಿತ್ತು. ಬಳಿಕ ಮರೆತಿತ್ತು.

ಕಳ್ಳಭಟ್ಟಿ ಎಂಬ ಪದದಲ್ಲೇ ಒಂದು ಇತಿಹಾಸವಿದೆ. ಬೆಲ್ಲವನ್ನೋ ಇಪ್ಪೆ ಹೂವನ್ನೋ ನೀರಿನಲ್ಲಿ ಕೊಳೆಸಿ, ಕಾಯಿಸಿ, ಆವಿಯನ್ನು ತಣಿಸಿ ಸಾರಾಯಿ ಇಳಿಸುವ ರೂಢಿ ಹಳೆಯದು. ಬ್ರಿಟಿಷರು 1878ರ ಮುಂಬಯಿ ಅಬಕಾರಿ ಕಾಯ್ದೆಯಂತಹ ಕಾನೂನುಗಳ ಮೂಲಕ ಭಟ್ಟಿಯನ್ನು ಪರವಾನಿಗೆ ಮತ್ತು ತೆರಿಗೆಗೆ ಒಳಪಡಿಸಿದರು. ಅಂದಿನಿಂದ ತೆರಿಗೆ ಕೊಡದ ಭಟ್ಟಿ ‘ಕಳ್ಳ’ಭಟ್ಟಿಯಾಯಿತು. ಅಂದರೆ ಅಪರಾಧವು ಬೊಕ್ಕಸದ ವಿರುದ್ಧ ನಡೆದದ್ದು. ಕುಡುಕನ ಹೆಂಡತಿ ಮಕ್ಕಳ ವಿರುದ್ಧವಲ್ಲ!

ಒಂದು ತಪ್ಪು ಕಲ್ಪನೆಯನ್ನೂ ತಿದ್ದಿಕೊಳ್ಳಬೇಕಾಗಿದೆ. ಸಾಮೂಹಿಕ ಸಾವುಗಳಿಗೆ ಸಾಮಾನ್ಯವಾಗಿ ಕಾರಣವಾಗುವುದು ಬೆಲ್ಲದ ಕೊಳೆಯಲ್ಲ, ಕಾರ್ಖಾನೆಗಳಿಗೆಂದು ತಯಾರಾಗುವ ಮೆಥನಾಲ್. ಅಗ್ಗವಾಗಿ ಮತ್ತೇರಿಸಲು ದಂಧೆಕೋರರು ಅದನ್ನು ಬೆರೆಸುತ್ತಾರೆ. ದೇಹದೊಳಗೆ ಅದು ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಸುಡುತ್ತದೆ. ಲಕ್ಷಣಗಳು ಹಲವು ಗಂಟೆಗಳ ಬಳಿಕ ಕಾಣಿಸಿಕೊಳ್ಳುವುದರಿಂದ ಕುಡಿದವನು ಮನೆಯಲ್ಲೇ ಮಲಗಿರುತ್ತಾನೆ. ಬೇಗನೆ ಆಸ್ಪತ್ರೆಗೆ ಒಯ್ದರೆ ಪ್ರತಿವಿಷ ಮತ್ತು ಡಯಾಲಿಸಿಸ್‌ನಿಂದ ಜೀವ ಉಳಿಯಬಹುದು. ಅವಮಾನಕ್ಕೂ ಪೊಲೀಸರಿಗೂ ಹೆದರಿ ಮುಚ್ಚಿಡುವ ಮನೆಯವರು ಇದನ್ನು ಅರಿಯಬೇಕು. ಮೆಥನಾಲ್ ಕಾಡಿನಲ್ಲಿ ಬೆಳೆಯುವುದಿಲ್ಲ. ಅದು ಕಾರ್ಖಾನೆಯಿಂದ, ಗೋದಾಮಿನಿಂದ, ಟ್ಯಾಂಕರಿನಿಂದ ಸೋರಿ ಬರುತ್ತದೆ. ಅಲ್ಲಿ ಕಾವಲಿಡದೆ ಗುಡಿಸಲುಗಳ ಮೇಲೆ ದಾಳಿ ನಡೆಸಿ ಫಲವೇನು?

ಹಾಗಾದರೆ ನಿಷೇಧವೊಂದೇ ಮದ್ದೇ? ಕರ್ನಾಟಕವು 2007ರ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿತು, ಆದರೆ ದುಬಾರಿ ಮದ್ಯದ ಅಂಗಡಿಗಳನ್ನು ತೆರೆದೇ ಇಟ್ಟಿತು. ಬಡವನ ಚಟ ಉಳಿಯಿತು, ಅಗ್ಗದ ಪ್ಯಾಕೆಟ್ ಹೋಯಿತು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿಯಲ್ಲಿ 150ಕ್ಕೂ ಹೆಚ್ಚು ಮಂದಿ ವಿಷಮದ್ಯಕ್ಕೆ ಬಲಿಯಾದರು. 2016ರಲ್ಲಿ ಸಂಪೂರ್ಣ ಪಾನನಿಷೇಧ ತಂದ ಬಿಹಾರದ ಸಾರಣ್ ಜಿಲ್ಲೆಯಲ್ಲೂ 2022ರ ಡಿಸೆಂಬರಿನಲ್ಲಿ ಹತ್ತಾರು ಮಂದಿ ಸತ್ತರು. ಹಾಗೆಂದು ಅಂಗಡಿ ತೆರೆಯುವುದೂ ಪರಿಹಾರವಲ್ಲ. ಕಳ್ಳಕುರಿಚಿಯ ದುರಂತ ನಡೆದುದು ಸರಕಾರವೇ ಮದ್ಯ ಮಾರುವ ರಾಜ್ಯದಲ್ಲಿ. ಕರ್ನಾಟಕದ ಅಬಕಾರಿ ವರಮಾನ 2023-24ರಲ್ಲಿ 30 ಸಾವಿರ ಕೋಟಿ ರೂಪಾಯಿಯನ್ನು ಮೀರಿತ್ತು. ಮದ್ಯದ ಮೇಲೆ ಇಷ್ಟು ಅವಲಂಬಿತವಾದ ಸರಕಾರ ಪಾನಮುಕ್ತಿಯ ಬೋಧನೆ ಮಾಡಿದರೆ ನಂಬುವವರು ಯಾರು?

ಇಸ್ಲಾಮಿನಲ್ಲಿ ಮದ್ಯಪಾನದ ನಿಷೇಧ ಹಂತಹಂತವಾಗಿ ಬಂತು. ಮೊದಲು ಮನಸ್ಸುಗಳು ಸಿದ್ಧವಾದವು, ಆಮೇಲೆ ಕಾನೂನು ಬಂತು. ಆದುದರಿಂದಲೇ ಅಂತಿಮ ಆಜ್ಞೆ ಕೇಳಿದ ಜನರು ಮದೀನಾದ ಬೀದಿಗಳಲ್ಲಿ ಮದ್ಯವನ್ನು ಚೆಲ್ಲಿದರೆಂದು ಹದೀಸ್‌ಗಳು ಹೇಳುತ್ತವೆ.

‘ನಮ್ಮಲ್ಲಿ ಆ ಪಿಡುಗಿಲ್ಲ’ ಎಂದು ನಾವು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಗ್ಯಾರೇಜಿನಲ್ಲಿ, ಬೀಡಿ ಕಟ್ಟುವ ಕೇರಿಯಲ್ಲಿ, ಲಾರಿಯ ಕ್ಯಾಬಿನ್ನಿನಲ್ಲಿ ದುಡಿಯುವ ನಮ್ಮ ಹುಡುಗರು ಇದೇ ಊರುಗಳಲ್ಲಿದ್ದಾರೆ. ಮೊಹಲ್ಲಾದಲ್ಲೊಬ್ಬ ಕುಡಿಯತೊಡಗಿದರೆ ಅವನನ್ನು ದೂರವಿಡುವುದು ಸುಲಭ. ಚಿಕಿತ್ಸೆಗೆ ಕರೆದೊಯ್ದು, ಅವನ ಮನೆಯ ಒಲೆ ಆರದಂತೆ ನೋಡಿಕೊಳ್ಳುವುದು ಕಷ್ಟ. ಜಮಾಅತ್‌ಗಳು ಕೈಗೆತ್ತಿಕೊಳ್ಳಬೇಕಾದುದು ಈ ಕಷ್ಟದ ಕೆಲಸವನ್ನೇ.