ಹೊಸ ತರಬೇತುದಾರರೂ ನಾವೂ

ಈ ವರ್ಷ ನಮ್ಮ ಕಾಲೇಜಿನ ಕಾಲ್ಚೆಂಡು ತಂಡಕ್ಕೆ ಹೊಸ ತರಬೇತುದಾರರು ಬಂದರು. ಅಂತರಕಾಲೇಜು ಪಂದ್ಯದಲ್ಲಿ ನಾಲ್ಕು ಗೋಲುಗಳಿಂದ ಸೋತು ಬಂದ ಮರುದಿನವೇ "ಇವರನ್ನು ಬದಲಾಯಿಸಬೇಕು" ಎಂಬ ಮಾತು ಕ್ಯಾಂಟೀನಿನಲ್ಲಿ ಹುಟ್ಟಿ, ಅಧ್ಯಾಪಕರ ಕೊಠಡಿಯವರೆಗೂ ಹೋಗಿದೆಯಂತೆ. ಸೋತ ಹನ್ನೊಂದು ಮಂದಿಯಲ್ಲಿ ನಾನೂ ಒಬ್ಬ. ಆದುದರಿಂದ ಎರಡು ಮಾತು ಹೇಳುವ ಅಧಿಕಾರ ನನಗುಂಟೆಂದು ಭಾವಿಸಿದ್ದೇನೆ. ಹೋದ ವರ್ಷ ಏಳು ಗೋಲುಗಳಿಂದ ಸೋತಿದ್ದೆವು. ಅದನ್ನು ಮಾತ್ರ ಯಾರೂ ನೆನೆಯುವುದಿಲ್ಲ!

ತರಬೇತುದಾರರೆಂದರೆ ಮಂತ್ರವಾದಿಗಳೆಂದು ನಮ್ಮಲ್ಲನೇಕರ ಭಾವನೆ. ಓಟದ ವೇಗವನ್ನು ನಾಲ್ಕು ತಿಂಗಳಲ್ಲಿ ಯಾರೂ ದಾನ ಮಾಡಲಾರರು. ಆದರೆ ಇರುವ ಗುಣವನ್ನು ಕಂಡುಹಿಡಿಯಬಲ್ಲರು. ಶಿಡ್ಲಘಟ್ಟದ ಗೆಳೆಯನೊಬ್ಬ ಹೋದ ವರ್ಷವೆಲ್ಲ ಮುಂದಿನ ಸಾಲಿನಲ್ಲಿ ಆಡಿ ಒಂದು ಗೋಲನ್ನೂ ಹೊಡೆಯಲಿಲ್ಲ. ಅವನ ಮನೆಯಲ್ಲಿ ರೇಷ್ಮೆ ಸಾಕಣೆ. ಬೆಳಗಾಗೆದ್ದು ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತುಹಾಕಿಯೇ ಕಾಲೇಜಿಗೆ ಹೊರಡುವವನು. ಅವನ ತೋಳುಗಳನ್ನು ನೋಡಿದ ಹೊಸಬರು ಅವನನ್ನು ಗೋಲುಗಂಬಗಳ ನಡುವೆ ನಿಲ್ಲಿಸಿದರು. ಸೋಲು ನಾಲ್ಕಕ್ಕೇ ನಿಂತದ್ದು ಅವನಿಂದ. ನನಗೆ ಅವರು ಕಲಿಸಿದ್ದು ಒಂದೇ ಪಾಠ: ಚೆಂಡು ಕಾಲಿಗೆ ಬರುವ ಮೊದಲೇ ತಲೆಯೆತ್ತಿ ಸುತ್ತ ನೋಡುವುದು. ಕೇಳಲು ಸುಲಭ. ಕಲಿಯಲು ಮೂರು ತಿಂಗಳು ಹಿಡಿಯಿತು; ಈಗಲೂ ಅರ್ಧ ಸಲ ಮರೆಯುತ್ತೇನೆ.

ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮರನ್ನು ಸ್ಮರಿಸಿರಿ. ವೃತ್ತಿಯಿಂದ ಅವರು ಉಪಾಧ್ಯಾಯರು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಅವರ ಭಾರತ ತಂಡ ಯುಗೋಸ್ಲಾವಿಯಕ್ಕೆ 10-1ರಿಂದ ಸೋತಿತು. ನಮ್ಮವರಲ್ಲಿ ಹಲವರು ಬರಿಗಾಲಿನಲ್ಲೇ ಆಡಿದ್ದರು. 1956ರಲ್ಲಿ ಮೆಲ್ಬೋರ್ನಿನಲ್ಲಿ ಅದೇ ರಹೀಮರ ತಂಡ ಆತಿಥೇಯ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿ ನಾಲ್ಕನೆಯ ಸ್ಥಾನ ಪಡೆಯಿತು. ನಮ್ಮ ನಾಡಿನ ಕೆಂಪಯ್ಯನವರೂ ಆ ತಂಡದಲ್ಲಿದ್ದರು. 1962ರ ಜಕಾರ್ತ ಏಷ್ಯನ್ ಕ್ರೀಡೆಗಳಲ್ಲಿ, ತಲೆಗೆ ಪೆಟ್ಟು ಬಿದ್ದಿದ್ದ ರಕ್ಷಣೆಯ ಆಟಗಾರ ಜರ್ನೈಲ್ ಸಿಂಗರನ್ನು ರಹೀಮರು ಮುಂದಿನ ಸಾಲಿಗೆ ಕಳಿಸಿದರು. ಅವರು ಅಂತಿಮ ಪಂದ್ಯದಲ್ಲಿ ಗೋಲು ಹೊಡೆದರು. ಭಾರತ ದಕ್ಷಿಣ ಕೊರಿಯವನ್ನು 2-1ರಿಂದ ಗೆದ್ದು ಚಿನ್ನ ತಂದಿತು. ಹತ್ತು ಗೋಲಿನ ಸೋಲಿಗಾಗಿ ರಹೀಮರನ್ನು ಅಂದೇ ಮನೆಗೆ ಕಳಿಸಿಬಿಟ್ಟಿದ್ದರೆ?

"ಬೆಂಗಳೂರು ಎಫ್.ಸಿ. 2013ರಲ್ಲಿ ಹುಟ್ಟಿ, ಆಶ್ಲಿ ವೆಸ್ಟ್‌ವುಡ್ಡರ ಕೈಕೆಳಗೆ ಮೊದಲ ಋತುವಿನಲ್ಲೇ ಐ-ಲೀಗ್ ಗೆಲ್ಲಲಿಲ್ಲವೆ?" ಎಂದು ಮಿತ್ರರೊಬ್ಬರು ವಾದಿಸಿದರು. ಗೆದ್ದಿತು, ನಿಜ. ಆದರೆ ಅಲ್ಲಿ ಸುನಿಲ್ ಛೆಟ್ರಿಯವರಂಥವರಿದ್ದರು. ಆಟವೇ ಅವರ ಕಸುಬು. ನಮ್ಮಲ್ಲಿಯೋ, ಕೊನೆಯ ತರಗತಿ ಮುಗಿದು ಅರ್ಧ ಗಂಟೆಯಾಗುವಷ್ಟರಲ್ಲಿ ಗೌರಿಬಿದನೂರಿನವರು ಮಂಚೇನಹಳ್ಳಿ ಮೇಲೆ ಹೋಗುವ ಬಸ್ಸಿಗೆ ಓಡುತ್ತಾರೆ, ಚಿಂತಾಮಣಿ, ಶಿಡ್ಲಘಟ್ಟದವರು ತಮ್ಮ ಬಸ್ಸಿಗೆ. ಮೈದಾನದಲ್ಲಿ ಉಳಿಯುವವರು ಚಿಕ್ಕಬಳ್ಳಾಪುರದ ಐದಾರು ಮಂದಿ, ತರಬೇತುದಾರರು, ಒಂದು ಚೆಂಡು. ಇಡೀ ತಂಡ ಒಟ್ಟಿಗೆ ಅಭ್ಯಾಸ ಮಾಡಿದ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ಬಸ್ಸು ಹಿಡಿಯುವ ಓಟದಲ್ಲಿ ಮಾತ್ರ ನಮ್ಮವರು ನಿಜಕ್ಕೂ ಚುರುಕು!

ಆದುದರಿಂದ ಪೂಜ್ಯ ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟೆ. ಇವರನ್ನು ಇನ್ನೆರಡು ವರ್ಷ ಇರಿಸಿಕೊಳ್ಳಿ. ಶನಿವಾರ ಬೆಳಗಿನ ಎರಡು ಗಂಟೆಗಳನ್ನು ತಂಡಕ್ಕೆ ಬಿಟ್ಟುಕೊಡಿ. ನಾನು ಈ ಬೇಸಿಗೆಗೆ ಕಾಲೇಜು ಬಿಡುವವನು, ಸ್ವಂತ ಲಾಭವೇನೂ ಇಲ್ಲ. ಶಿಡ್ಲಘಟ್ಟದ ಆ ಗೋಲಿಗ ಇನ್ನೊಂದು ವರ್ಷ ಇಲ್ಲೇ ಇರುತ್ತಾನೆ.