ಊರ ಹೆಸರುಗಳ ದಾಖಲೆ ತಡವಾಗದಿರಲಿ

2020ರ ಸೆಪ್ಟೆಂಬರ್‌ನಲ್ಲಿ ಉಡುಪಿ ನಗರ ನೆರೆಗೆ ಸಿಲುಕಿದಾಗ ಕಲ್ಸಂಕ, ಬೈಲಕೆರೆ, ಗುಂಡಿಬೈಲು ಮೊದಲಾದ ತಗ್ಗು ಪ್ರದೇಶಗಳು ಜಲಾವೃತಗೊಂಡವು. ಸುರಿದ ಮಳೆ ಅಸಾಧಾರಣವಾದುದೇ ನಿಜ. ಆದರೆ ನೀರು ಹೋಗಿ ನಿಂತ ಜಾಗ ಅನಿರೀಕ್ಷಿತವಾಗಿರಲಿಲ್ಲ. ಸಂಕವಿದ್ದಲ್ಲಿ ತೋಡು ಇರಲೇಬೇಕು. ಬೈಲೆಂದರೆ ನೀರು ನಿಲ್ಲುವ ತಗ್ಗು ಗದ್ದೆ. ಹಿರಿಯರು ಹೆಸರಿನಲ್ಲೇ ಇಟ್ಟುಹೋದ ಎಚ್ಚರಿಕೆಯನ್ನು ನಾವು ಓದಲಿಲ್ಲ, ಅಷ್ಟೆ.

ಕರಾವಳಿಯ ಬೇಸಾಯಗಾರರು ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ನೀರಿನ ಲಭ್ಯತೆಗೆ ಅನುಗುಣವಾಗಿ ವಿಂಗಡಿಸಿದ್ದರು. ಕುಂಜಿಬೆಟ್ಟು, ಬೈಲೂರು ಮುಂತಾದ ಹೆಸರುಗಳು ಆ ಭೂಜ್ಞಾನದ ಕುರುಹುಗಳು. ಪಡುಬಿದ್ರಿಯ 'ಪಡು' ಪಡುವಣವನ್ನೂ ಮೂಡುಬಿದಿರೆಯ 'ಮೂಡು' ಮೂಡಣವನ್ನೂ ಸೂಚಿಸುತ್ತವೆ.

ದೊಡ್ಡ ಊರುಗಳ ಹೆಸರಿನ ಮೂಲವನ್ನು ಕುರಿತು ಮಾತ್ರ ವಾದಗಳು ನಿಂತಿಲ್ಲ. ಉಡುಪಿ ಎಂಬುದನ್ನು ನಕ್ಷತ್ರಾಧಿಪನಾದ ಚಂದ್ರನಿಗೆ ಸಲ್ಲುವ 'ಉಡುಪ' ಶಬ್ದದೊಡನೆ ಜೋಡಿಸುವವರಿದ್ದಾರೆ. ತುಳುವರ ಬಾಯಲ್ಲಿ ಅದು ಇಂದಿಗೂ 'ಒಡಿಪು'. ಮಣಿಪಾಲದ ಹೆಸರಿನ ಹಿಂದೆ ಮಣ್ಣಪಳ್ಳ ಕೆರೆ ಇದೆ ಎಂಬ ಮಾತು ಪ್ರಚಲಿತವಾಗಿದೆ. ತುಳುವಿನಲ್ಲಿ ಪಳ್ಳವೆಂದರೆ ನೀರು ನಿಂತ ಹೊಂಡ. ಕಾಪು ಇಂಗ್ಲಿಷ್ ಬರಹದಲ್ಲಿ 'ಕೌಪ್' ಆಯಿತು. ಕಾರ್ಕಳವನ್ನು ಕರಿಗಲ್ಲಿನೊಡನೆ ಜೋಡಿಸುವ ವಿವರಣೆ ಜನಜನಿತ. ತುಳುವರಿಗೆ ಅದು 'ಕಾರ್ಲ'. ಇವುಗಳಲ್ಲಿ ಯಾವುದು ಸರಿಯೆಂಬುದನ್ನು ವಿದ್ವಾಂಸರು ನಿರ್ಣಯಿಸಲಿ. ಅವಸರವಿರುವುದು ನಕ್ಷೆಯನ್ನೇ ಸೇರದ ಸಣ್ಣ ಹೆಸರುಗಳ ವಿಷಯದಲ್ಲಿ. ಗದ್ದೆ ನಿವೇಶನವಾದೊಡನೆ ಅದರ ಹೆಸರೂ ಯಾವುದೋ 'ನಗರ', 'ಲೇಔಟ್' ಆಗಿ ಮಾಯವಾಗುತ್ತಿದೆ.

ಇನ್ನೂ ಹೆಚ್ಚು ಅಪಾಯದಲ್ಲಿರುವುದು ಈ ನೆಲದ ಆದಿವಾಸಿಗಳಾದ ಕೊರಗರ ನೆನಪು. ಅವರ ನುಡಿಯನ್ನು ಕುರಿತ ಡಿ.ಎನ್. ಶಂಕರ ಭಟ್ಟರ ಅಧ್ಯಯನ 1971ರಲ್ಲೇ ಪ್ರಕಟವಾಗಿದೆ. ಆದರೆ ಕಾಡು, ಗುಡ್ಡ, ತೊರೆಗಳನ್ನು ಅವರು ಕರೆದ ಹೆಸರುಗಳಿಗೆ ಪಹಣಿಯಲ್ಲಿ ಜಾಗವಿಲ್ಲ. ಆಸ್ಟ್ರೇಲಿಯದಲ್ಲಿ ಬ್ರಿಟಿಷರು 'ಏಯರ್ಸ್ ರಾಕ್' ಎಂದಿದ್ದ ಬಂಡೆಗೆ 1993ರಲ್ಲಿ ಮೂಲನಿವಾಸಿಗಳ 'ಉಲುರು' ಎಂಬ ಹೆಸರನ್ನೂ ಅಧಿಕೃತವಾಗಿ ಸೇರಿಸಲಾಯಿತು; 2002ರಲ್ಲಿ ಉಲುರುವಿಗೇ ಮೊದಲ ಸ್ಥಾನ ದೊರೆಯಿತು. ಒಂದು ಹೆಸರನ್ನು ಅಳಿಸದೆಯೂ ಇನ್ನೊಂದನ್ನು ಗೌರವಿಸಬಹುದೆಂಬುದಕ್ಕೆ ಇದು ನಿದರ್ಶನ.

2014ರ ನವೆಂಬರ್ 1ರಂದು ರಾಜ್ಯ ಸರ್ಕಾರ 12 ನಗರಗಳ ಹೆಸರನ್ನು ಕನ್ನಡದ ಉಚ್ಚಾರಣೆಗೆ ತಂದುದು ಸ್ವಾಗತಾರ್ಹವೇ. ಆದರೆ ಫಲಕ ಬದಲಿಸುವುದಕ್ಕಿಂತ ಹೆಸರಿನ ಅರ್ಥವನ್ನು ಉಳಿಸಿಕೊಳ್ಳುವುದು ಕಷ್ಟದ ಕೆಲಸ. ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ 1988ರಿಂದ 1997ರ ಅವಧಿಯಲ್ಲಿ ತುಳು ನಿಘಂಟಿನ 6 ಸಂಪುಟಗಳನ್ನು ಹೊರತಂದ ನೆಲವಿದು. ಇಲ್ಲಿ ಪರಿಶ್ರಮದ ಪರಂಪರೆಗೆ ಕೊರತೆಯಿಲ್ಲ. ಪ್ರತಿ ಗ್ರಾಮ ಪಂಚಾಯಿತಿಯೂ ಶಾಲಾ ಕಾಲೇಜುಗಳ ನೆರವಿನಿಂದ ಗದ್ದೆ, ತೋಡು, ಪಳ್ಳ, ಬನಗಳ ಹೆಸರುಗಳನ್ನು ಹಿರಿಯರ ಬಾಯಿಂದಲೇ ಕೇಳಿ ದಾಖಲಿಸಬೇಕು. ಕೊರಗರ ಹೆಸರುಗಳನ್ನು ಕೊರಗರೇ ಹೇಳಬೇಕು. ನಿವೇಶನಕ್ಕೆ ಅನುಮತಿ ನೀಡುವ ಮುನ್ನ ಅಧಿಕಾರಿಗಳು ಆ ಪಟ್ಟಿಯತ್ತ ಒಮ್ಮೆ ಕಣ್ಣುಹಾಯಿಸುವಂತಾಗಬೇಕು. ಹೆಸರು ಬಲ್ಲ ಹಿರಿಯರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. ಬೈಲಿನ ಹೆಸರನ್ನು ನಾವು ಮರೆಯಬಹುದು, ಮಳೆಗಾಲದ ನೀರು ಮರೆಯುವುದಿಲ್ಲ.